ಮೂರನೇ ಕಿಟಕಿ

ತಮ್ಮಾ,

ಬೆಳಗಿನ ಪಾಳಿಗೆ ಹೊರಟಿದ್ದೀನಿ. ಅಮ್ಮನ ಕಣ್ಣಿನ ಆಪರೇಷನ್‌ಗೆ ಹೋಗೋಕೆ ನೀನು ಆನ್‌ಲೈನ್‌ನಲ್ಲಿ ತೆಗೆದ ರೈಲು ಟಿಕೆಟ್ ಟೇಬಲ್ ಮೇಲೆ ನೋಡಿದೆ. ಬುಕಿಂಗ್ ಶುಲ್ಕ, ಅದರ ಮೇಲೆ ಕಾರ್ಡ್ ಶುಲ್ಕ, ಕೊನೆಗೆ ಮೆಸೇಜ್ ಕಳಿಸಿದ್ದಕ್ಕೂ ಶುಲ್ಕ! ಭಲೇ ಜಾಣ. ನಿನ್ನ ಸ್ವಂತ ಅಕ್ಕ ಹನ್ನೊಂದು ವರ್ಷದಿಂದ ಸ್ಟೇಷನ್ನಿನಲ್ಲಿ ಕೂತು ಊರಿಗೆಲ್ಲ ಟಿಕೆಟ್ ಕೊಡ್ತಿದ್ದಾಳೆ. ಅಲ್ಲಿ ಇದ್ಯಾವುದೂ ಕಟ್ಟಬೇಕಾಗಿಲ್ಲ.

"ಕ್ಯೂ ಉದ್ದ ಇತ್ತು" ಅಂತ ಅಮ್ಮನ ಹತ್ತಿರ ಬುರುಡೆ ಬಿಡಬೇಡ. ಮೊನ್ನೆ ನಿನ್ನ ಆಫೀಸಿನವರ ಜೊತೆ ಬಂದಾಗ ನನ್ನ ಕಿಟಕಿ ಮುಂದೆ ಒಬ್ಬರೂ ಇರಲಿಲ್ಲ. ನೀನು ಹೋಗಿ ಪಕ್ಕದ ಕ್ಯೂನಲ್ಲಿ ಎಲ್ಲರ ಹಿಂದೆ ನಿಂತೆ. ಗಾಜಿನ ಹಿಂದೆ ಕೂತವಳಿಗೂ ಕಣ್ಣಿರುತ್ತೆ ಕಣೋ.

ಹತ್ತು ಗಂಟೆಗೆ ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕು. ಅದಕ್ಕೂ ಆನ್‌ಲೈನ್‌ನಲ್ಲಿ ಯಾರನ್ನಾದರೂ ಬುಕ್ ಮಾಡಿಬಿಟ್ಟೀಯ. ನೀರಿನ ಮೋಟಾರು ಆಫ್ ಮಾಡು, ನಿನ್ನೆ ಮಹಡಿಯೆಲ್ಲ ಕೆರೆ ಆಗಿತ್ತು.

ವಾಪಸ್ ಬರೋ ಟಿಕೆಟ್ ಇನ್ನೂ ತೆಗೆದಿಲ್ಲ ತಾನೇ? ಸ್ಟೇಷನ್ನಿಗೇ ಬಾ. ಮೂರನೇ ಕಿಟಕಿ. ಬೇಕಾದರೆ ಆಫೀಸಿನವರನ್ನೂ ಕರ್ಕೊಂಡು ಬಾ, ಮರ್ಯಾದೆಗೆ ಹೆದರಬೇಡ. ಎಲ್ಲರನ್ನೂ ಕೇಳೋ ಹಾಗೇ ನಿನ್ನನ್ನೂ "ಹೆಸರೇನು ಸಾರ್?" ಅಂತ ಕೇಳ್ತೀನಿ.