ಗುಗ್ಗರಿ ಕೋಲು ಮುಟ್ಟಿದಾಗ ನುಡಿದ ಹಲ್ಲಿ

ರಾಯಚೂರು
೧-೧೧-೨೦೨೫, ಶನಿವಾರ

ಪೋತ್ನಾಳದ ಟೀಚರಮ್ಮ, ನನ್ನ ಮುದ್ದು ತಂಗಿ ಮೇಘಾ,

ನಾವೆಲ್ಲ ಅರಾಮ. ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಜೋರು. ಫೋನಿರುವಾಗ ಅಕ್ಕನಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ನಾನು ಫೋನ್ ಕೈಗೆತ್ತಿಕೊಂಡರೆ ಸಾಕು, ಅವ್ವ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತುಬಿಡುತ್ತಾಳೆ. ಈ ಸುದ್ದಿ ಅವಳ ಕಿವಿಗೆ ಬೀಳಬಾರದು. ಸೋಮವಾರ ನಿಮ್ಮ ಶಾಲೆಗೆ ಬರುವ ಅಂಬರೇಶ ಸರ್ ಕೈಯಲ್ಲಿ ಕಳಿಸುತ್ತೇನೆ. ಓದಿದ ಮೇಲೆ ಹರಿದು ಹಾಕು.

ಮೊದಲು ಸಿಹಿ ಮಾತು. ಗೌತಮನಿಗೆ ನಿನ್ನನ್ನು ಕೊಡಲು ಅವ್ವ ಒಪ್ಪಿದ್ದಾಳೆ! ಹೌದೇ ಹುಚ್ಚಿ, ಒಪ್ಪಿದ್ದಾಳೆ. ಇನ್ನು ಉಳಿದವನು ದೇವದುರ್ಗದ ದೊಡ್ಡಪ್ಪ ಸುಂಕಪ್ಪ ಒಬ್ಬನೇ. ಅಪ್ಪ ಹೋದ ಮೇಲೆ ಮನೆಯ ದೊಡ್ಡ ಮಾತೆಲ್ಲ ಅವನದೇ ತಾನೆ. ಹುಡುಗ ಒಳ್ಳೆಯವನು, ನೌಕರಿ ಇದೆ, ನಮ್ಮವರೇ, ಎಲ್ಲ ಸರಿ. ಆದರೆ ಗೌತಮನ ಮನೆಯವರು ಬೌದ್ಧರಾದ ಮೇಲೆ ದೇವರ ಜಗುಲಿ ತೆಗೆದುಬಿಟ್ಟರಲ್ಲ, ಅದೇ ಅವನ ತಕರಾರು. "ಜಗುಲಿ ಇಲ್ಲದ ಮನಿಗೆ ನಮ್ಮ ಹೆಣ್ಣ ಕೊಡಂಗಿಲ್ಲ" ಎಂದು ದಸರೆಯಲ್ಲಿ ಗುಡುಗಿ ಹೋದವನು ಇನ್ನೂ ಫೋನ್ ಎತ್ತಿಲ್ಲ.

ಅವ್ವ ಹೇಗೆ ಒಪ್ಪಿದಳು ಅಂತೀಯಾ? ಅದಕ್ಕೆ ಮೊಲಗಳಿಂದಲೇ ಶುರು ಮಾಡಬೇಕು.

ನಮ್ಮ ಆಫೀಸಿನ ಜಬೀನ್ ವರ್ಗವಾಗಿ ಹೋಗುವಾಗ ಎರಡು ಮೊಲ ಕೊಟ್ಟಳಲ್ಲ, ಅವಕ್ಕೆ ಅವ್ವನೇ ಹೆಸರಿಟ್ಟಳು. ಹುರಿದು ಅರಳಿದ ಜೋಳದಂಥ ಬಿಳಿಯದು ಅಳ್ಳು, ಬೇಯಿಸಿದ ಕಾಳಿನಂಥ ಕಂದು ಬಣ್ಣದ್ದು ಗುಗ್ಗರಿ. ಅಳ್ಳು ಹೊಟ್ಟೆಬಾಕ, ಯಾರು ಕರೆದರೂ ಬರುತ್ತದೆ. ಗುಗ್ಗರಿ ಮಂಚದ ಕೆಳಗೆ ಸೇರಿದರೆ ಮುಗಿಯಿತು. ಎತ್ತಿಕೊಂಡರೆ ಅದರ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕಾಲಿನಿಂದ ಒದೆಯುತ್ತದೆ. ಉಗುರು ಕತ್ತರಿಸಲು ಡಾಕ್ಟರ ಹತ್ತಿರ ಒಯ್ಯುವುದೆಂದರೆ ಮನೆಯಲ್ಲಿ ಕುಸ್ತಿಯೇ. ಅದಕ್ಕೇ ಆನ್‌ಲೈನಿನಲ್ಲಿ ಒಂದು ಕ್ಲಿಕ್ಕರ್ ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ಸಣ್ಣದು, ಒತ್ತಿದರೆ ಟಕ್ ಅನ್ನುತ್ತದೆ. ನಾನು ಹಿಡಿದ ಕೋಲನ್ನು ಮೊಲ ಮೂಗಿನಿಂದ ಮುಟ್ಟಿದರೆ ಟಕ್, ಕೂಡಲೇ ಬಾಯಿಗೊಂದು ಕೋತಂಬರಿ ಎಸಳು. ಹೀಗೆ ಕೋಲು ತೋರಿಸುತ್ತ ತೋರಿಸುತ್ತ ತಾನಾಗಿಯೇ ಒಯ್ಯುವ ಬುಟ್ಟಿಗೆ ಹೋಗುವ ಹಾಗೆ ಕಲಿಸಬಹುದು. ಒಂದೇ ಕಟ್ಟಳೆ: ಟಕ್ ಅಂದ ಮೇಲೆ ತಿನ್ನಲು ಕೊಡಲೇಬೇಕು. ಕೈತಪ್ಪಿ ಒತ್ತಿದರೂ ಮೋಸ ಮಾಡುವಂತಿಲ್ಲ. ಗುಗ್ಗರಿ ಅಂಜುತ್ತದೆಂದು ಒಳಕೋಣೆಯ ಬಾಗಿಲು ಎಳೆದುಕೊಂಡೇ ಕಲಿಸುತ್ತಿದ್ದೆ. ಅವ್ವ ಹೊರಗಿನಿಂದಲೇ, "ಮೊಲಕ್ಕ ಸಾಲಿ ಹಚ್ಚ್ಯಾಳ ನೋಡ್ರಿ ಸಾಹುಕಾರ್ತಿ" ಎಂದು ಆಡಿಕೊಳ್ಳುತ್ತಿದ್ದಳು.

ಮಂಗಳವಾರ ಸಂಜೆ ಅವಳು ಪಡಸಾಲೆಯಲ್ಲಿ ಮೆಂತೆಪಲ್ಯದ ಸೊಪ್ಪು ಸೋಸುತ್ತ ಅಪ್ಪನ ಫೋಟೋದ ಜೊತೆ ಮಾತಿಗೆ ಕೂತಿದ್ದಳು. "ಜಗುಲಿ ಇಲ್ಲ ಖರೆ. ಆದ್ರ ಆ ಹುಡುಗ ನಮ್ಮ ಮೇಘಾನ್ನ ಕಣ್ಣಾಗ ಇಟ್ಕೊಂಡು ನೋಡ್ಕೊಂತಾನ ಅನಸ್ತದ" ಎಂದಳು. ಸರಿಯಾಗಿ ಆಗಲೇ, ಇಷ್ಟು ದಿನ ಸತಾಯಿಸಿದ ಗುಗ್ಗರಿ ಮೊದಲ ಸಲ ಕೋಲಿಗೆ ಮೂಗು ತಾಗಿಸಬೇಕೇ! ನಾನು ಖುಷಿಯಲ್ಲಿ ಟಕ್ ಎನಿಸಿದೆ. ಹೊರಗೆ ಅವ್ವ ಬೆರಳಿನಿಂದ ನೆಲ ಕುಟ್ಟುವ ಸದ್ದು. "ಹಲ್ಲಿ ನುಡೀತು! ಖರೇ ಅದ, ಖರೇ ಅದ!"

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಎದ್ದು ಹೋಗಿ ಹೇಳಬೇಕಿತ್ತು, ಹೇಳಲಿಲ್ಲ. ನಮ್ಮ ಮನೆಯವರು, ನಿನ್ನ ಮಾವ ಕಿರಣಕುಮಾರ, ಆಫೀಸಿನಿಂದ ಬಂದಾಗ ಹೇಳಿದರೆ, "ಅತ್ತಿ ಒಪ್ಪ್ಯಾರಿಲ್ಲ? ಬಾಯಿ ಮುಚ್ಚಕೊಂಡು ಕೂಡು" ಅಂದರು.

ಇನ್ನೊಂದನ್ನು ನಿನಗಷ್ಟೇ ಹೇಳುತ್ತೇನೆ. ಮರುದಿನ ಅವ್ವ ಗೋಡೆಗೆ ಮುಖ ಮಾಡಿ, "ದೇವದುರ್ಗಕ್ಕ ಹೋಗಿ ಭಾವನ ಮುಂದ ನಾನ ಮಾತಾಡ್ಲೇನು?" ಎಂದು ಕೇಳಿ ಹಲ್ಲಿ ನುಡಿಯಲೆಂದು ಕಾದಳು. ಗೋಡೆ ಏನು ಹೇಳೀತು? ಅವಳ ಮುಖ ಸಪ್ಪಗಾಯಿತು. ಮತ್ತೆ ಕೇಳಿದಳು, ಈ ಸಲ ಜೋರಾಗಿ. ಅಡುಗೆಮನೆಯಲ್ಲಿದ್ದ ನಾನು ಸೆರಗಿನೊಳಗೆ ಕ್ಲಿಕ್ಕರ್ ಒತ್ತಿಬಿಟ್ಟೆ. ಬೇಕೆಂದೇ ಒತ್ತಿದೆ ಕಣೇ, ನಿನ್ನ ಸಲುವಾಗಿ. ಆ ಪಡಪೋಶಿ ಮೊಲಗಳೆರಡೂ ಅವ್ವನ ಕಾಲ ಬಳಿಯಿಂದ ಓಡಿ ಬಂದು ನನ್ನೆದುರು ಬಾಯಾಡಿಸುತ್ತ ನಿಂತವು! ಕೋತಂಬರಿ ಕೊಡದೆ ಗತಿಯಿಲ್ಲ. ಅವ್ವ ಅವುಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಹಲ್ಲಿ ಮಾತು ಮೊಲಕ್ಕೂ ತಿಳಿತದಲ್ಲವ್ವಾ" ಎಂದು ಅಕ್ಕಿ ಆರಿಸತೊಡಗಿದಳು. ಪಾಪ, ಅವಳಿಗೇನೂ ಗೊತ್ತಾಗಲಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದಾಳೆ. ನನಗೀಗ ಅಂಜಿಕೆ ಒಂದೇ. ಹಲ್ಲಿ ಎಡಕ್ಕೆ ನುಡಿಯಿತೆಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದ ಮನುಷ್ಯ ನಮ್ಮ ದೊಡ್ಡಪ್ಪ. ಅವ್ವನ ಮಾತಿಗೆ ಅವನೇನು ಬೆಲೆ ಕೊಡುತ್ತಾನೆ? ಅವನು ಬೇಡವೆಂದರೆ ಅವ್ವ ಅಳುತ್ತ ಬರುತ್ತಾಳೆ, ನಿನ್ನ ಮದುವೆ ಅಲ್ಲಿಗೇ ನಿಲ್ಲುತ್ತದೆ. ನನ್ನ ಒಂದು ಟಕ್‌ನಿಂದ ಇಷ್ಟೆಲ್ಲ ಆಯಿತಲ್ಲ. ಆದರೂ ಬೀಗಿತಿಯ ಮನೆಗೆ ಹೊರಟವಳಂತೆ ಇಳಕಲ್ ಸೀರೆ ತೆಗೆದಿಟ್ಟುಕೊಂಡ ಅವಳನ್ನು ನೋಡಿದರೆ ಖುಷಿಯೂ ಆಗುತ್ತದೆ. ನೀನು ಬಾಯಿ ಬಿಡಬೇಡ.

ಹಾಂ, ಇವತ್ತು ಗುಗ್ಗರಿ ತಾನಾಗಿಯೇ ಬುಟ್ಟಿಗೆ ಹೋಗಿ ಕೂತಿತು! ಬಾಳೆಹಣ್ಣಿನ ಚೂರು ಕೊಟ್ಟು ಹಬ್ಬ ಮಾಡಿದೆ.

ಊಟ ಹೊತ್ತಿಗೆ ಸರಿಯಾಗಿ ಮಾಡು, ಗೌತಮನಿಗೆ ಇನ್ನೂ ಏನೂ ಹೇಳಬೇಡ.

ನಿನ್ನ ಕಳ್ಳ ಅಕ್ಕ,
ಶಶಿಕಲಾ

ತಾ.ಕ.: ಭಾನುವಾರ ಮಧ್ಯಾಹ್ನ. ಅವ್ವನನ್ನು ಬಸ್ಸು ಹತ್ತಿಸಿ ಬಂದು ನೋಡಿದರೆ ಕ್ಲಿಕ್ಕರ್ ಇಲ್ಲ! ಮನೆಯೆಲ್ಲ ಜಾಲಾಡಿದೆ. ಈಗಷ್ಟೇ ದೇವದುರ್ಗದಿಂದ ಅವಳ ಫೋನ್ ಬಂತು; ದೊಡ್ಡಪ್ಪ ಹೂಂ ಅಂದಿದ್ದಾನೆ, ಮುಂದಿನ ವಾರ ಗೌತಮನ ಮನೆಗೆ ಹೋಗೋಣ ಅಂದಿದ್ದಾನೆ. ನಾನು ಕುಣಿಯುತ್ತಿದ್ದರೆ ಅವ್ವ ದನಿ ಸಣ್ಣ ಮಾಡಿ ಹೇಳಿದಳು: "ಶಶೀ, ನಿನ್ನ ಟಕ್ಕಿನ ಡಬ್ಬಿ ನನ್ನ ಎಲಿ-ಅಡಕಿ ಚಂಚ್ಯಾಗ ಅದ, ಹುಡುಕಬ್ಯಾಡ. ನಾನು ಹೇಳಿದ್ರ ಭಾವ ಕೇಳ್ತಿದ್ನೇನ? ಅವರ ಮನ್ಯಾಗಿನ ಹಲ್ಲಿ ಬಾಯೇ ಬಿಡಂಗಿಲ್ಲ. ಅದಕ್ಕ ನಮ್ಮ ಮನೀದ ಒಯ್ದಿದ್ದೆ."