ಒಂದು ಗೇಣು ಬಟ್ಟೆ

ಆಗಸ್ಟ್ ೧೬, ಶನಿವಾರ, ಡುಲುತ್. ಅಡುಗೆಮನೆಯ ಮೇಜು.

ಮಾರಿಟ್,

ನಮ್ಮ ಸಿಗ್ನಿ ಮುಂದಿನ ವಾರ ಕಾಲೇಜಿಗೆ ಹೊರಡುತ್ತಾಳೆ. ಮಕ್ಕಳನ್ನು ಸಿದ್ಧಮಾಡುವುದು ಹೇಗೆಂದು ಹೇಳಿಕೊಡಲು ಕಾಲೇಜಿನವರು ಇವತ್ತು ಮನೆಯವರನ್ನೆಲ್ಲ ಕರೆಸಿದ್ದರು.

"ಹಾಸ್ಟೆಲ್ ಮಂಚ ಮನೆ ಮಂಚಕ್ಕಿಂತ ಒಂದು ಗೇಣು ಉದ್ದ. ಹಳೇ ಬೆಡ್‌ಶೀಟ್ ತಂದು, ಆಮೇಲೆ ನನಗೆ ಫೋನ್ ಮಾಡಿ ಅಳಬೇಡಿ" ಎಂದಳು ಹಾಸ್ಟೆಲ್ ನೋಡಿಕೊಳ್ಳುವ ಹೆಂಗಸು. ಎಲ್ಲರೂ ನಕ್ಕರು. ಸಿಗ್ನಿ ನಗಲಿಲ್ಲ. ನೀನು ಹೊಲಿದುಕೊಟ್ಟ ಹಳದಿ ಹೂವಿನ ಬೆಡ್‌ಶೀಟನ್ನು ಅವಳು ಆಗಲೇ ಪೆಟ್ಟಿಗೆಗೆ ಹಾಕಿಕೊಂಡಿದ್ದಾಳೆ.

ಬರುವಾಗ ಕಾರಿನಲ್ಲಿ, "ಹೊಸದು ತಗೊಳ್ಳೋಣ ಪುಟ್ಟಿ" ಎಂದೆ.

"ಬೇಡಪ್ಪ. ಅಮ್ಮಂದೇ ಸಾಕು."

"ಕಾಲ ಹತ್ರ ಸಾಲಲ್ವಲ್ಲೇ."

"ಮುದುರ್ಕೊಂಡು ಮಲಗ್ತೀನಿ. ನೀನು ಅಷ್ಟು ದೊಡ್ಡ ಮಂಚದಲ್ಲಿ ಒಂದು ಅಂಚಿಗೇ ಮಲಗಲ್ವಾ?"

ನಾನು ರಸ್ತೆ ನೋಡುತ್ತ ಕಾರು ಓಡಿಸಿದೆ.

ಅದೇ ಬಟ್ಟೆಯಲ್ಲಿ ನೀನು ನಮ್ಮ ಮಂಚಕ್ಕೂ ಒಂದು ಹೊಲಿದಿದ್ದೆ. ನೀನು ತೀರಿಕೊಂಡ ಮೇಲೆ ಅದರಲ್ಲಿ ನೀನು ಮಲಗುತ್ತಿದ್ದ ಭಾಗ ಸುಕ್ಕಾಗಿಯೇ ಇಲ್ಲ. ನಾಳೆ ಆ ಕಡೆಯಿಂದ ಒಂದು ಗೇಣು ಕತ್ತರಿಸಿ ಅವಳದಕ್ಕೆ ಜೋಡಿಸುತ್ತೇನೆ. ನಿನ್ನ ಹೊಲಿಗೆ ಯಂತ್ರವನ್ನು ಈ ಮೇಜಿನ ಮೇಲೆ ತಂದಿಟ್ಟಿದ್ದೇನೆ. ದಾರ ಪೋಣಿಸುವುದು ನನಗೆ ಗೊತ್ತಿಲ್ಲ, ಸಿಗ್ನಿಯನ್ನೇ ಕೇಳಬೇಕು. ಮುಚ್ಚಳ ಇನ್ನೂ ತೆಗೆದಿಲ್ಲ.