ಕುಕ್ಕರಿಗೆ ನಾನು ಸುರಿದ ನೀರು

18-1-2025, ಶನಿವಾರ. ಮಸ್ಕಿ.

ಮಗಳು ನಂದಿನಿಯ ಕೇಕ್ ಕೆಡಿಸಿದ್ದು ನಾನೇ. ಸಂಜೆಯಿಂದ ಅದೇ ಕೊರೆಯುತ್ತಿದೆ.

ನಾನು ದಿನಾ ಮಿರ್ಚಿ ತಿನ್ನುವ ಅಂಗಡಿಯ ಯಮನೂರ, "ನಿನ್ನ ಮಗಳ ಕೇಕ್ ತಗೊಂಡು ಬಾ. ಚಲೋ ಇದ್ರ ಚಾದ ಜೋಡಿ ಮಾರಾಕ ಇಡ್ತೀನಿ" ಅಂದಿದ್ದ. ಅದಕ್ಕೇ ನಂದಿನಿ ಇವತ್ತು ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಮೇಲೆ ಕೇಕಿನ ಡಬ್ಬಿ ಇಟ್ಟು, ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಳು. ನಾನು ಮುಚ್ಚಳ ತೆಗೆದು ನೋಡಿದೆ. ಒಳಗೆ ನೀರೇ ಇಲ್ಲ. ಪಾಪ, ಮರೆತಿದ್ದಾಳೆ ಎಂದು ಎರಡು ಲೋಟ ಸುರಿದೆ.

ಏಲಕ್ಕಿ ವಾಸನೆ ಓಣಿ ತುಂಬ ಬಂತು. ಕೇಕ್ ಮಾತ್ರ ಹಸಿ ಇಡ್ಲಿಯ ಹಾಗೆ. ನೀರಿಲ್ಲದೆ ಉಪ್ಪಿನ ಕಾವಿನಲ್ಲೇ ಅದು ಬೇಯಬೇಕಿತ್ತಂತೆ, ನನಗೇನು ಗೊತ್ತು. ಅಂಗಡಿಗೆ ಒಯ್ದು ಕೊಟ್ಟರೆ ಯಮನೂರ ಒಂದು ತುಂಡು ತಿಂದು, "ಇದಕ್ಕ ಚಟ್ನಿ ಎಲ್ಲೈತಿ?" ಅಂದ.

ಮನೆಗೆ ಬಂದು ಅದನ್ನು ಹೇಳಿದಾಗ ನಂದಿನಿ, "ನನಗ ಬರಂಗಿಲ್ಲಪ್ಪ, ಇನ್ನ ಮಾಡಂಗಿಲ್ಲ" ಅಂದಳು.

"ನೀರು ಹಾಕಿದ್ದು ನಾನವ್ವ."

"ಸಾಕು ಬಿಡಪ್ಪ, ನಿನ್ನ ಮಸ್ಕಿರಿ" ಎಂದು ನಕ್ಕಳು.

ಇಷ್ಟು ವರ್ಷ ಹೇಳಿದ ಸುಳ್ಳನ್ನೆಲ್ಲ ನಂಬಿದಳು. ಖರೇ ಹೇಳಿದರೆ ನಗುತ್ತಾಳೆ. ಹೇಗೋ ಕಾಡಿ ಬೇಡಿ, ನಾಳೆ ಇನ್ನೊಂದು ಸಲ ಮಾಡಲು ಒಪ್ಪಿಸಿದ್ದೇನೆ. ಅದು ಒಲೆಯಿಂದ ಇಳಿಯುವ ತನಕ ನಾನು ಯಮನೂರನ ಅಂಗಡಿಯಲ್ಲೇ ಮಿರ್ಚಿ ತಿನ್ನುತ್ತಾ ಕೂರಬೇಕು.